ಒಂದೇ ಪಂದ್ಯಕ್ಕೆ ಮನೆಗೆ ಕಳಿಸಬೇಡಿ

2023ರ ಮೇ 21, ಭಾನುವಾರ. ಆವತ್ತು ರಾತ್ರಿ ನಿಮ್ಮ ಮನೆ ಟಿವಿಯಲ್ಲಿ ಏನು ಓಡ್ತಿತ್ತು ಅಂತ ನಾನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಆಟ. ಬೆಂಗಳೂರಲ್ಲಿ ಮಳೆ. ವಿರಾಟ್ ಕೊಹ್ಲಿ ನೂರು ಹೊಡೆದರು. ಆಮೇಲೆ ಶುಭಮನ್ ಗಿಲ್ ಕೂಡ ನೂರು ಹೊಡೆದು ಪಂದ್ಯ ಕಿತ್ತುಕೊಂಡು ಹೋದರು. ನಮ್ಮವರ ಪ್ಲೇಆಫ್ ಕನಸು ಮುಗೀತು. ಮಾರನೇ ದಿನವಿಡೀ ಅದೇ ಸುದ್ದಿ, ಅದೇ ಚರ್ಚೆ. ಆ ಚರ್ಚೆ ನಡೆಸಿದವರಲ್ಲಿ ನಾನೂ ಒಬ್ಬ.

ಈಗ ಒಂದು ಪ್ರಶ್ನೆ. ಅದೇ ದಿನ ಬೆಂಗಳೂರಿನ ಇನ್ನೊಂದು ತಂಡ ರಾಷ್ಟ್ರಮಟ್ಟದ ಫೈನಲ್ ಆಡಿತು. ಯಾವುದು ಹೇಳಿ ನೋಡೋಣ?

ಗೊತ್ತಿಲ್ಲ ಅಲ್ವಾ? ತಪ್ಪು ನಿಮ್ಮದಲ್ಲ. ತಂಡದ ಹೆಸರು ಕಿಕ್‌ಸ್ಟಾರ್ಟ್ ಎಫ್‌ಸಿ. ಆಡಿದ್ದು ಇಂಡಿಯನ್ ವಿಮೆನ್ಸ್ ಲೀಗ್, ಅಂದರೆ ದೇಶದ ಅತಿ ದೊಡ್ಡ ಮಹಿಳಾ ಫುಟ್‌ಬಾಲ್ ಸ್ಪರ್ಧೆ. ಜಾಗ ಅಹಮದಾಬಾದ್. ಎದುರಾಳಿ ಗೋಕುಲಂ ಕೇರಳ. ನಮ್ಮ ಹುಡುಗಿಯರು 5-0ಯಿಂದ ಸೋತರು. ಆವತ್ತು ರಾತ್ರಿ ನನ್ನ ಬುಲೆಟಿನ್‌ನಲ್ಲಿ ಈ ಸುದ್ದಿಗೆ ಸಿಕ್ಕ ಸಮಯ ಸೊನ್ನೆ ಸೆಕೆಂಡ್.

ಸೋತರಲ್ಲಾ, ಅದನ್ನೇನು ತೋರಿಸೋದು ಅಂತೀರಾ? ಆರ್‌ಸಿಬಿಯೂ ಸೋತಿತ್ತು.

ಇದನ್ನು ಬಹಳ ತಡವಾಗಿ ಒಂದು ಕಾರ್ಯಕ್ರಮದಲ್ಲಿ ಒಪ್ಪಿಕೊಂಡೆ. ಅದು ಪ್ರಸಾರವಾದ ಮೇಲೆ ಒಂದು ಫೋನ್ ಬಂತು. ಸಕಲೇಶಪುರ ಕಡೆಯ ಒಂದು ಹಳ್ಳಿ ಶಾಲೆಯ ಶಿಕ್ಷಕಿ. ಹೆಸರು ಬೇಡ ಅಂದರು, ಶಾಲೆಯ ಹೆಸರೂ ಬೇಡ ಅಂದರು. ಆಕೆ ಹೇಳಿದ್ದು ಇಷ್ಟು. ನಾಲ್ಕು ತಿಂಗಳು ಹದಿನಾಲ್ಕು ಹುಡುಗಿಯರಿಗೆ ಫುಟ್‌ಬಾಲ್ ಹೇಳಿಕೊಟ್ಟರು. ಹೆಚ್ಚಿನವರು ಕಾಫಿ ತೋಟದ ಲೈನ್ ಮನೆ ಮಕ್ಕಳು. ಒಂದು ಕಪ್ ಪಂದ್ಯಾವಳಿ ಇತ್ತು, ನಾಕೌಟ್. ಬೆಳಗ್ಗೆ ಆರೂವರೆ ಬಸ್ಸಿಗೆ ಹೊರಟರು. ಪಂದ್ಯ 0-0. ಪೆನಾಲ್ಟಿಯಲ್ಲಿ ಸೋತರು. ಮಧ್ಯಾಹ್ನ ಎರಡಕ್ಕೆ ವಾಪಸ್ ಊರಲ್ಲಿದ್ದರು. ಬಸ್ಸಲ್ಲಿ ಒಬ್ಬ ಹುಡುಗಿ ಕೇಳಿದಳಂತೆ, "ಮಿಸ್, ಇನ್ನೊಂದು ಮ್ಯಾಚ್ ಯಾವಾಗ?"

"ಮುಂದಿನ ವರ್ಷ" ಅಂದರಂತೆ ಶಿಕ್ಷಕಿ. ಆ ಹುಡುಗಿ ಹತ್ತನೇ ಕ್ಲಾಸು. ಮುಂದಿನ ವರ್ಷ ಅವಳು ಆ ಶಾಲೆಯಲ್ಲಿ ಇರೋದೇ ಇಲ್ಲ.

ಆ ಫೋನ್ ಇಟ್ಟ ಮೇಲೆ ನಾನು ಒಂದು ಹಾಳೆ ತಗೊಂಡು ಲೆಕ್ಕ ಹಾಕೋಕೆ ಕೂತೆ. ನಾನು ಇಂಜಿನಿಯರಿಂಗ್ ಓದಿದವನು. ಓದಿದ್ದನ್ನು ಸ್ಟುಡಿಯೋದಲ್ಲಿ ಬಳಸೋ ಅವಕಾಶ ಸಿಗೋದು ಅಪರೂಪ. ಇವತ್ತು ಸಿಕ್ಕಿದೆ, ಸ್ವಲ್ಪ ಸಹಿಸಿಕೊಳ್ಳಿ.

ನಾಕೌಟ್ ಅಂದರೆ ಏನು? ಸೋತವರು ಹೊರಗೆ, ಗೆದ್ದವರು ಮುಂದೆ. 16 ತಂಡ ಇದ್ದರೆ ಮೊದಲ ಸುತ್ತಿನಲ್ಲಿ 8 ಪಂದ್ಯ. ಆಮೇಲೆ 4, ಆಮೇಲೆ 2, ಕೊನೆಗೆ ಒಂದು ಫೈನಲ್. ಒಟ್ಟು 15. ಇದಕ್ಕೊಂದು ಸುಲಭ ಸೂತ್ರ ಇದೆ. ಪ್ರತಿ ಪಂದ್ಯಕ್ಕೂ ಒಂದು ತಂಡ ಹೊರಗೆ ಹೋಗುತ್ತದೆ. ಕೊನೆಗೆ ಉಳಿಯಬೇಕಾದ್ದು ಒಂದೇ ತಂಡ. ಹಾಗಾಗಿ ಎಷ್ಟು ತಂಡ ಇದೆಯೋ ಅದಕ್ಕಿಂತ ಒಂದು ಕಡಿಮೆ ಪಂದ್ಯ ಆಡಿಸಿದರೆ ಸಾಕು. 16ಕ್ಕೆ 15. 32ಕ್ಕೆ 31. 71 ತಂಡ ಬಂದರೆ 70.

ತಂಡಗಳ ಸಂಖ್ಯೆ 8, 16, 32 ಹೀಗೆ ಸರಿಯಾಗಿ ಬರದಿದ್ದರೆ? ಆಗ 'ಬೈ' ಕೊಡ್ತಾರೆ. 11 ತಂಡ ಬಂದಿವೆ ಅಂದುಕೊಳ್ಳಿ. 16ಕ್ಕೆ ಐದು ಕಡಿಮೆ. ಐದು ತಂಡಕ್ಕೆ ಮೊದಲ ಸುತ್ತು ಆಡದೇ ಮುಂದಕ್ಕೆ ಹೋಗೋ ಚೀಟಿ. ಉಳಿದ ಆರು ತಂಡ ಮೂರು ಪಂದ್ಯ ಆಡ್ತವೆ, ಮೂರು ಗೆಲ್ತವೆ. ಐದು ಮೂರು ಎಂಟು. ಅಲ್ಲಿಂದ ಲೆಕ್ಕ ಸರಿ. ಪಂದ್ಯ ಸಮ ಆದರೆ? ನಾಕೌಟ್‌ನಲ್ಲಿ ಸಮ ಅನ್ನೋ ಮಾತೇ ಇಲ್ಲ, ಯಾರಾದರೂ ಹೊರಗೆ ಹೋಗಲೇಬೇಕು. ಅದಕ್ಕೇ ಪೆನಾಲ್ಟಿ ಶೂಟೌಟ್. ಇದನ್ನು ಫುಟ್‌ಬಾಲ್ ನಿಯಮದೊಳಗೆ ಸೇರಿಸಿದ್ದು 1970ರಲ್ಲಿ. ಅದಕ್ಕೂ ಮೊದಲು ಮರುಪಂದ್ಯ ಆಡಿಸ್ತಿದ್ದರು. ಅದೂ ಆಗದಿದ್ದರೆ ಚೀಟಿ ಎತ್ತೋದು, ನಾಣ್ಯ ಚಿಮ್ಮೋದು.

ಇಷ್ಟನ್ನು ನೋಡಿದರೆ ನಾಕೌಟ್ ಎಷ್ಟು ಚೆನ್ನಾಗಿದೆ ಅನ್ನಿಸುತ್ತೆ. ಕಡಿಮೆ ಪಂದ್ಯ, ಕಡಿಮೆ ಖರ್ಚು, ಕಡಿಮೆ ದಿನ. ಕಪ್ ಆಡಿಸೋ ಬಡ ಸಂಘಟಕನಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಈಗ ಅದೇ ಹಾಳೆಯನ್ನು ಉಲ್ಟಾ ಹಿಡಿಯಿರಿ. ಸಂಘಟಕನ ಕಡೆಯಿಂದ ಬೇಡ, ಆಡೋ ಹುಡುಗಿ ಕಡೆಯಿಂದ ನೋಡಿ. 16 ತಂಡದಲ್ಲಿ 8 ತಂಡ ಒಂದೇ ಪಂದ್ಯ ಆಡಿ ಮನೆಗೆ ಹೋಗ್ತವೆ. 32 ಇದ್ದರೆ 16. 64 ಇದ್ದರೆ 32. ಯಾವ ಲೆಕ್ಕದಲ್ಲೂ ಅರ್ಧ ಜನಕ್ಕೆ ಒಂದೇ ಪಂದ್ಯ. ಸರಾಸರಿ ತೆಗೆದರೆ ಒಂದು ತಂಡಕ್ಕೆ ಎರಡು ಪಂದ್ಯವೂ ಸಿಗಲ್ಲ. ಎಷ್ಟೇ ತಂಡ ಸೇರಿಸಿ, ಆ ಸರಾಸರಿ ಎರಡು ಮುಟ್ಟೋದೇ ಇಲ್ಲ. ಇದು ಯಾರದೋ ದುರುದ್ದೇಶ ಅಲ್ಲ. ಆ ಮಾದರಿಯ ಗಣಿತವೇ ಹಾಗೆ.

ಹಾಗಾದರೆ ನಾಕೌಟ್ ಕೆಟ್ಟದ್ದಾ? ಇಂಗ್ಲೆಂಡಿನಲ್ಲಿ ಮಹಿಳೆಯರ ಎಫ್‌ಎ ಕಪ್ ನಡೆಯುತ್ತೆ. ಅದು ಅಪ್ಪಟ ನಾಕೌಟ್. ಇತ್ತೀಚಿನ ವರ್ಷಗಳಲ್ಲಿ 400ಕ್ಕೂ ಹೆಚ್ಚು ತಂಡ ಸೇರ್ತವೆ. ಸಣ್ಣ ಊರಿನ ತಂಡವೂ ಬರುತ್ತೆ, ಚೆಲ್ಸಿಯೂ ಬರುತ್ತೆ. 2023ರ ಮೇ ತಿಂಗಳಲ್ಲೇ, ನಮ್ಮ ಕಿಕ್‌ಸ್ಟಾರ್ಟ್ ಹುಡುಗಿಯರು ಅಹಮದಾಬಾದ್‌ನಲ್ಲಿ ಆಡುತ್ತಿದ್ದ ದಿನಗಳಲ್ಲೇ, ವೆಂಬ್ಲಿಯಲ್ಲಿ ಆ ಕಪ್‌ನ ಫೈನಲ್ ನೋಡೋಕೆ 77,390 ಜನ ಬಂದಿದ್ದರು. ಅಲ್ಲಿಯೂ ಎಷ್ಟೋ ತಂಡ ಮೊದಲ ಪಂದ್ಯಕ್ಕೇ ಔಟ್. ಆದರೂ ಯಾರೂ ಅಳಲ್ಲ. ಯಾಕೆ?

ಯಾಕೆಂದರೆ ಕಪ್‌ನಲ್ಲಿ ಸೋತ ತಂಡಕ್ಕೆ ಮುಂದಿನ ಭಾನುವಾರ ಲೀಗ್ ಪಂದ್ಯ ಇರುತ್ತೆ. ಅದರ ಮುಂದಿನ ಭಾನುವಾರ ಇನ್ನೊಂದು. ಲೀಗ್ ಅಂದರೆ ದಿನದ ಊಟ, ಕಪ್ ಅಂದರೆ ಹಬ್ಬದೂಟ. ಮನೆಯಲ್ಲಿ ದಿನಾ ಅನ್ನ ಇದ್ದವರಿಗೆ ಹಬ್ಬದೂಟ ತಪ್ಪಿದರೆ ಬೇಜಾರು ಅಷ್ಟೇ. ವರ್ಷಕ್ಕೆ ಹಬ್ಬದೂಟ ಒಂದೇ ಗತಿ ಆದವರನ್ನು ಪಂಕ್ತಿಯಿಂದ ಎಬ್ಬಿಸಿದರೆ? ಅದು ಬೇಜಾರಲ್ಲ, ಉಪವಾಸ. ನಮ್ಮ ಮಲೆನಾಡಿನ ಹುಡುಗಿಯರಿಗೆ ಆಗ್ತಿರೋದು ಇದೇ.

ಇಂಗ್ಲೆಂಡಿಗೂ ಈ ದಿನದ ಊಟ ಪುಕ್ಕಟೆ ಸಿಗಲಿಲ್ಲ. ಆ ಕಥೆ ನಿಮಗೆ ಗೊತ್ತಿರಬೇಕು. ಮೊದಲ ಮಹಾಯುದ್ಧದ ಕಾಲ. ಗಂಡಸರು ಯುದ್ಧಕ್ಕೆ ಹೋದರು, ಹೆಂಗಸರು ಕಾರ್ಖಾನೆಗೆ ಬಂದರು. ಪ್ರೆಸ್ಟನ್ ಅನ್ನೋ ಊರಿನ ಡಿಕ್, ಕೆರ್ ಕಾರ್ಖಾನೆಯ ಹೆಂಗಸರು ಫುಟ್‌ಬಾಲ್ ತಂಡ ಕಟ್ಟಿದರು. 1920ರ ಡಿಸೆಂಬರ್ 26ಕ್ಕೆ ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಅವರ ಪಂದ್ಯ ನೋಡೋಕೆ ಸುಮಾರು 53,000 ಜನ ಸೇರಿದ್ದರು. ಒಂದು ವರ್ಷ ಕಳೆಯೋದರೊಳಗೆ, 1921ರ ಡಿಸೆಂಬರ್ 5ಕ್ಕೆ, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಒಂದು ನಿರ್ಣಯ ಮಾಡಿತು. ಈ ಆಟ ಹೆಂಗಸರಿಗೆ ಹೇಳಿಸಿದ್ದಲ್ಲ ಅಂತ.

ಇಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. ಅವರು "ಹೆಂಗಸರು ಆಡಬಾರದು" ಅಂತ ಕಾನೂನು ಮಾಡಲಿಲ್ಲ. ಮಾಡೋಕೆ ಅಧಿಕಾರವೂ ಇರಲಿಲ್ಲ. ಅವರು ಹೇಳಿದ್ದು ಇಷ್ಟೇ: ನಮ್ಮ ಕ್ಲಬ್‌ಗಳು ತಮ್ಮ ಮೈದಾನವನ್ನು ಹೆಂಗಸರಿಗೆ ಕೊಡಬಾರದು. ಮೈದಾನ ಕಿತ್ತುಕೊಂಡರು, ಆಟ ತಾನೇ ಬತ್ತಿತು. ಆ ಒಂದು ನಿರ್ಣಯ ಸುಮಾರು 50 ವರ್ಷ ನಿಂತಿತು. ಜರ್ಮನಿಯಲ್ಲಿ 1955ರಿಂದ 1970ರವರೆಗೆ, ಬ್ರೆಜಿಲ್‌ನಲ್ಲಿ 1941ರಿಂದ 1979ರವರೆಗೆ ಇಂಥದ್ದೇ ನಿಷೇಧ. ಫುಟ್‌ಬಾಲ್ ಅಂದರೆ ಪ್ರಾಣ ಬಿಡೋ ಬ್ರೆಜಿಲ್‌ನಲ್ಲಿ!

ಇಂಗ್ಲೆಂಡಿನ ಮಹಿಳೆಯರ ಕಪ್ ಶುರುವಾಗಿದ್ದು 1970-71ರಲ್ಲಿ. ಮೊದಲ ಸಲವೇ 71 ತಂಡ. 1971ರ ಮೇ 9ರಂದು ಫೈನಲ್. ಸೌತಾಂಪ್ಟನ್ ತಂಡ ಸ್ಕಾಟ್ಲೆಂಡಿನ ಸ್ಟೀವರ್ಟನ್ ಥಿಸಲ್ ತಂಡವನ್ನು 4-1ರಿಂದ ಸೋಲಿಸಿತು. ಅಲ್ಲಿಂದ ವೆಂಬ್ಲಿ ಸ್ಟೇಡಿಯಂನಲ್ಲಿ ಈ ಕಪ್‌ನ ಫೈನಲ್ ನಡೆಯೋದಕ್ಕೆ 2015 ಬರಬೇಕಾಯಿತು. ಬಹುಮಾನದ ಕಥೆ ಕೇಳಿ. 2021-22ರಲ್ಲಿ ಗಂಡಸರ ಎಫ್‌ಎ ಕಪ್ ಗೆದ್ದವರಿಗೆ 18 ಲಕ್ಷ ಪೌಂಡ್. ಹೆಂಗಸರ ಕಪ್ ಗೆದ್ದವರಿಗೆ 25,000 ಪೌಂಡ್. ಅದೇ ಕಪ್, ಅದೇ ವೆಂಬ್ಲಿ. ಮರುವರ್ಷ ಹೆಂಗಸರ ಮೊತ್ತ ಒಂದು ಲಕ್ಷ ಪೌಂಡ್ ಆಯಿತು. ಕೇಳದೇ ಬಂದಿದ್ದಲ್ಲ. ಲೂಯಿಸ್ ಅನ್ನೋ ಪುಟ್ಟ ಪಟ್ಟಣದ ಕ್ಲಬ್ 2017ರಲ್ಲೇ ತನ್ನ ಗಂಡಸರ ತಂಡಕ್ಕೂ ಹೆಂಗಸರ ತಂಡಕ್ಕೂ ಸಮ ಬಜೆಟ್ ಮಾಡಿತ್ತು. ಬಹುಮಾನವೂ ಸಮ ಆಗಲಿ ಅಂತ ಗಂಟಲು ಹರಿಯೋ ಹಾಗೆ ಕೂಗಿದ್ದೂ ಅದೇ ಕ್ಲಬ್.

ಈಗ ನಮ್ಮ ದೇಶಕ್ಕೆ ಬನ್ನಿ. ಭಾರತದಲ್ಲಿ ಮಹಿಳಾ ಫುಟ್‌ಬಾಲ್‌ಗೆ ಅಂತ ಒಂದು ಒಕ್ಕೂಟ ಹುಟ್ಟಿದ್ದು 1975ರಲ್ಲಿ. 1980ರ ದಶಕದ ಆರಂಭದ ಹೊತ್ತಿಗೆ ಭಾರತದ ಮಹಿಳೆಯರು ಏಷ್ಯಾ ಮಟ್ಟದ ಫೈನಲ್ ಎರಡು ಸಲ ಆಡಿದ್ದರು. ಅದರಲ್ಲಿ ಒಂದು ಕೂಟ ನಡೆದದ್ದು ನಮ್ಮ ಪಕ್ಕದ ಕಲ್ಲಿಕೋಟೆಯಲ್ಲಿ. 1983ರಲ್ಲಿ ಶಾಂತಿ ಮಲ್ಲಿಕ್ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಫುಟ್‌ಬಾಲ್ ಆಟಗಾರ್ತಿ ಆದರು. ಅಷ್ಟು ಮುಂದೆ ಇದ್ದವರು ಆಮೇಲೆ ಹಿಂದೆ ಬಿದ್ದರು. ಉಳಿದ ದೇಶಗಳು ದಿನದ ಊಟ ಶುರು ಮಾಡಿದವು. ನಾವು ಹಬ್ಬದೂಟದಲ್ಲೇ ಉಳಿದೆವು.

ನಮ್ಮ ರಾಷ್ಟ್ರೀಯ ಮಹಿಳಾ ಲೀಗ್ ಶುರುವಾಗಿದ್ದೇ 2016-17ರಲ್ಲಿ. ಹೆಸರು ಲೀಗ್ ಅಂತ ಇದ್ದರೂ ವರ್ಷಗಟ್ಟಲೆ ಅದನ್ನು ಒಂದೇ ಕಡೆ ಕೆಲವು ವಾರಗಳಲ್ಲಿ ಮುಗಿಸಿದರು. ನಾನು ಹೇಳಿದ ಅಹಮದಾಬಾದ್ ಕೂಟ ಕೂಡ ಹಾಗೇ. ಏಪ್ರಿಲ್ ಕೊನೆಗೆ ಶುರು, ಮೇ 21ಕ್ಕೆ ಮುಕ್ತಾಯ, ಅದೂ ಗುಜರಾತಿನ ಬಿಸಿಲಲ್ಲಿ. 2023-24ರಲ್ಲಿ ಬದಲಾಯಿಸಿದರು. 7 ತಂಡ, ಪ್ರತಿಯೊಬ್ಬರೂ ಉಳಿದ ಆರು ತಂಡದ ಜೊತೆ ಎರಡೆರಡು ಸಲ, ಒಮ್ಮೆ ತಮ್ಮೂರಲ್ಲಿ ಒಮ್ಮೆ ಅವರೂರಲ್ಲಿ. ತಂಡಕ್ಕೆ 12 ಪಂದ್ಯ ಖಾತ್ರಿ. ಗೆದ್ದರೂ 12, ಸೋತರೂ 12. ಕಿಕ್‌ಸ್ಟಾರ್ಟ್ ಆ ಏಳರಲ್ಲಿ ಒಂದು. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಭಾರತದ ಮಹಿಳೆಯರು ಥಾಯ್ಲೆಂಡ್ ತಂಡವನ್ನು ಅವರದೇ ನೆಲದಲ್ಲಿ 2-1ರಿಂದ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಪಡೆದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದ್ದು. ಇದಕ್ಕೆ ಲೀಗ್ ಒಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಹೆಚ್ಚು ಪಂದ್ಯ ಆಡದೇ ಯಾರೂ ಒಳ್ಳೆ ಆಟಗಾರ್ತಿ ಆಗಲ್ಲ, ಇಷ್ಟಂತೂ ಸತ್ಯ.

ಇದು ಮೇಲಿನ ಮಟ್ಟದ ಕಥೆ. ನಮ್ಮ ಶಿಕ್ಷಕಿಯ ಹುಡುಗಿಯರ ಮಟ್ಟದಲ್ಲಿ ಏನಿದೆ? ಕರ್ನಾಟಕ ಮಹಿಳಾ ಲೀಗ್ ಇದೆ, ಆದರೆ ಅದು ಬೆಂಗಳೂರಿನ ಆಟ. ಸಕಲೇಶಪುರದಿಂದ ಅಲ್ಲಿಗೆ 220 ಕಿಲೋಮೀಟರ್ ಆಗುತ್ತೆ. ಶಾಲೆ ಹುಡುಗಿಗೆ ಹತ್ತಿರದ ಬಾಗಿಲು ಸುಬ್ರತೋ ಕಪ್. ನಮ್ಮ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥ ಸುಬ್ರತೋ ಮುಖರ್ಜಿ ಅವರ ಹೆಸರಿನ ಶಾಲಾ ಫುಟ್‌ಬಾಲ್ ಕಪ್ ಇದು. ಕೆಳಗಿನ ಹಂತದಲ್ಲಿ ಗೆದ್ದ ಶಾಲೆ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ದೆಹಲಿಗೆ. ಹುಡುಗರಿಗೆ ಇದು ಶುರುವಾಗಿದ್ದು 1960ರಲ್ಲಿ. ಹುಡುಗಿಯರಿಗೆ? 2012ರಲ್ಲಿ. ನಡುವೆ 52 ವರ್ಷ. ಆ ಹುಡುಗರು ಅಜ್ಜಂದಿರಾದ ಮೇಲೆ ಅವರ ಮೊಮ್ಮಗಳಿಗೆ ಬಾಗಿಲು ತೆರೆಯಿತು ಅನ್ನಿ.

ಬಾಗಿಲು ತೆರೆದರೂ ನಮ್ಮ ಗುಡ್ಡದ ಕಡೆ ಅದು ಯಾವಾಗ ತೆರೆಯುತ್ತೆ ನೋಡಿ. ದೆಹಲಿಯ ಹಂತ ಆಗಸ್ಟ್, ಸೆಪ್ಟೆಂಬರ್ ಆಸುಪಾಸಿನಲ್ಲಿ. ಅಂದರೆ ಕೆಳಗಿನ ಹಂತಗಳು ಜೂನ್, ಜುಲೈನಲ್ಲಿ ಮುಗಿಯಬೇಕು. ಜೂನ್, ಜುಲೈನಲ್ಲಿ ಹೆತ್ತೂರು, ಹಾನುಬಾಳು ಕಡೆ ಹೋಗಿದ್ದೀರಾ? ಮೈದಾನ ಮೈದಾನವಾಗಿ ಇರಲ್ಲ, ಕೆರೆ ಆಗಿರುತ್ತೆ. ದೆಹಲಿಯಲ್ಲಿ ಕೂತು ಕ್ಯಾಲೆಂಡರ್ ಮಾಡೋರಿಗೆ ಬಿಸಿಲೆ ಘಾಟಿಯ ಮಳೆ ಕಾಣಲ್ಲ.

ನಾನು ಆಲೂರು ತಾಲ್ಲೂಕಿನವನು. ಆ ಕಡೆಯ ನಾಲ್ಕು ಕಷ್ಟ ನನಗೆ ಹೊಸದಲ್ಲ.

ಮೊದಲನೆಯದು ಜಾಗ. ಗುಡ್ಡದ ಊರಲ್ಲಿ ಸಮತಟ್ಟು ನೆಲ ಅನ್ನೋದು ಚಿನ್ನ. ಏರಲ್ಲಿ ಕಾಫಿ, ತಗ್ಗಲ್ಲಿ ಗದ್ದೆ. ಉಳಿದ ಚಪ್ಪಟೆ ಜಾಗ ಶಾಲೆ ಮೈದಾನ ಒಂದೇ. ಅಲ್ಲಿ ಹುಡುಗರು ಆಗಲೇ ಇರ್ತಾರೆ. ಯಾರೂ ನಿರ್ಣಯ ಮಾಡಿ ಹುಡುಗಿಯರನ್ನು ಹೊರಗಿಟ್ಟಿಲ್ಲ. ಇಂಗ್ಲೆಂಡಿನವರು ಕಾಗದದ ಮೇಲೆ ಮಾಡಿದ್ದನ್ನು ನಾವು ಕಾಗದ ಇಲ್ಲದೇ ಮಾಡಿದ್ದೇವೆ, ಅಷ್ಟೇ.

ಎರಡನೆಯದು ಹೊತ್ತು. ಯಸಳೂರು ಅಂದ ತಕ್ಷಣ ನಿಮಗೆ ಅಂಬಾರಿ ಹೊತ್ತ ಅರ್ಜುನ ನೆನಪಾಗ್ತಾನೆ. 2023ರ ಡಿಸೆಂಬರ್ 4ರಂದು ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ ಅವನು ಸತ್ತಿದ್ದು ಅಲ್ಲೇ. ದಿನವಿಡೀ ತೋರಿಸಿದ್ದೆವು. ಆನೆ ಕಾರ್ಯಪಡೆ 2012ರಲ್ಲೇ ಹೈಕೋರ್ಟ್‌ಗೆ ವರದಿ ಕೊಟ್ಟಿತ್ತು. ಆಲೂರು, ಸಕಲೇಶಪುರದ ಸಮಸ್ಯೆ ಆಗಲೇ ಎಲ್ಲರಿಗೂ ಗೊತ್ತಿತ್ತು. ಆನೆ ಕಥೆ ಹೇಳುವಾಗ ನಾವು ಬೆಳೆ ನಷ್ಟ ಹೇಳ್ತೀವಿ, ಜೀವ ಹಾನಿ ಹೇಳ್ತೀವಿ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಆಡಿ ಮನೆಗೆ ನಡೆದು ಹೋಗೋ ಹಕ್ಕು ಕೂಡ ಹೋಯಿತು ಅಂತ ಹೇಳಲ್ಲ. ಸಂಜೆ ಐದರ ಮೇಲೆ ತೋಟದ ದಾರಿಯಲ್ಲಿ ಹುಡುಗಿಯನ್ನು ಯಾವ ತಾಯಿ ಬಿಡ್ತಾಳೆ? ಹುಡುಗನಾದರೆ ಯಾರದೋ ಬೈಕ್ ಹತ್ತಿ ಬರ್ತಾನೆ. ಆನೆಗೆ ಗಂಡು ಹೆಣ್ಣು ಭೇದ ಇಲ್ಲ, ಬೈಕಿಗೆ ಇದೆ.

ಮೂರನೆಯದು ಋತು. ಜೂನ್‌ನಿಂದ ಸೆಪ್ಟೆಂಬರ್ ಮಳೆ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಅಮ್ಮ ಹಣ್ಣು ಬಿಡಿಸೋಕೆ ಹೋದರೆ ಮನೆಯಲ್ಲಿ ಅಡುಗೆ, ತಮ್ಮ ತಂಗಿಯರ ಜವಾಬ್ದಾರಿ ದೊಡ್ಡ ಮಗಳದ್ದು. ಮಾರ್ಚ್ ಪರೀಕ್ಷೆ. ಉಳಿದದ್ದು ಎರಡೇ ಕಿಂಡಿ: ಅಕ್ಟೋಬರ್‌ನ ದಸರಾ ರಜೆ, ಏಪ್ರಿಲ್‌ನ ಬೇಸಿಗೆ ರಜೆ.

ನಾಲ್ಕನೆಯದು ನಾವು. ಅಂದರೆ ನಾನು. ಚಿಕ್ಕವನಿದ್ದಾಗ ನಮ್ಮೂರ ಗದ್ದೆ ಕೊಯ್ಲಾದ ಮೇಲೆ ಫುಟ್‌ಬಾಲ್ ಆಡ್ತಿದ್ದೆವು. ಎರಡು ಕಡೆ ಕಲ್ಲು ಇಟ್ಟರೆ ಗೋಲ್ ಪೋಸ್ಟ್. ನನ್ನ ತಂಗಿ ದಿನಾ ಬರ್ತಿದ್ದಳು. ಅವಳ ಕೆಲಸ ಗೋಲಿನ ಹಿಂದೆ ನಿಲ್ಲೋದು. ಚೆಂಡು ಹಳ್ಳಕ್ಕೆ ಉರುಳಿದರೆ ಓಡಿ ಹೋಗಿ ತರೋದು. ತಂದು ಕಾಲಲ್ಲಿ ಒದ್ದು ಕೊಡ್ತಿದ್ದಳು, ಸರಿಯಾಗಿ ನನ್ನ ಕಾಲಿಗೇ ಬರ್ತಿತ್ತು. ಎಷ್ಟೋ ವರ್ಷ ಹಾಗೆ ಆಡಿದೆವು. ಒಂದು ದಿನವೂ "ಒಳಗೆ ಬಾ" ಅಂತ ನಾನು ಕರೆಯಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಹೊಳೆಯಲಿಲ್ಲ, ಅಷ್ಟೇ. ಇತ್ತೀಚೆಗೆ ಇದನ್ನು ಅವಳ ಹತ್ತಿರ ಹೇಳಿದಾಗ ನಕ್ಕಳು. "ನಿಮಗಿಂತ ಜಾಸ್ತಿ ಓಡಿದ್ದು ನಾನೇ" ಅಂದಳು.

ಸರಿ, ಪರಿಹಾರ ಏನು? ಎಲ್ಲ ಬೈದು ಪರಿಹಾರ ಹೇಳದೇ ಎದ್ದು ಹೋಗೋದು ನಮ್ಮ ಸ್ಟುಡಿಯೋಗಳ ಚಟ. ಇವತ್ತು ಬೇಡ. ಆ ಶಿಕ್ಷಕಿಗೆ ನಾನು ವಾಪಸ್ ಫೋನ್ ಮಾಡಿ ಹೇಳಿದ್ದನ್ನೇ ನಿಮಗೂ ಹೇಳ್ತೀನಿ.

ಆಟದ ಲೋಕದಲ್ಲಿ 'ಪ್ಲೇಟ್' ಅನ್ನೋ ಹಳೇ ವ್ಯವಸ್ಥೆ ಇದೆ. ಮೊದಲ ಸುತ್ತಲ್ಲಿ ಸೋತವರಿಗೆ ಅಂತಲೇ ಇನ್ನೊಂದು ಪುಟ್ಟ ನಾಕೌಟ್. ದೊಡ್ಡ ಬಹುಮಾನ ಕಪ್, ಚಿಕ್ಕದು ಪ್ಲೇಟ್. 16 ತಂಡದ ಲೆಕ್ಕ ಮತ್ತೆ ತೆಗೆಯಿರಿ. ಕಪ್‌ಗೆ 15 ಪಂದ್ಯ. ಮೊದಲ ಸುತ್ತಲ್ಲಿ ಸೋತ 8 ತಂಡಕ್ಕೆ ಪ್ಲೇಟ್: 4, 2, 1, ಒಟ್ಟು 7 ಪಂದ್ಯ. ಎರಡೂ ಸೇರಿ 22. ಈಗ ಯಾವ ತಂಡವೂ ಎರಡಕ್ಕಿಂತ ಕಡಿಮೆ ಪಂದ್ಯ ಆಡಿ ಮನೆಗೆ ಹೋಗಲ್ಲ. ಹೆಚ್ಚಾಗಿದ್ದು ಎಷ್ಟು? ಏಳೇ ಏಳು ಪಂದ್ಯ.

ದಿನದ ಲೆಕ್ಕ ನೋಡೋಣ. ಚಿಕ್ಕ ಮೈದಾನ, 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ. ಒಂದು ಪಂದ್ಯಕ್ಕೆ ಮುಕ್ಕಾಲು ಗಂಟೆ. ಬೆಳಗ್ಗೆ ಹತ್ತಕ್ಕೆ ಶುರು ಮಾಡಿದರೆ ಆರು ಪಂದ್ಯಕ್ಕೆ ನಾಲ್ಕೂವರೆ ಗಂಟೆ. ಅಲ್ಲಲ್ಲಿ ಸ್ವಲ್ಪ ತಡ ಆದರೂ ಮೂರೂವರೆಯೊಳಗೆ ಮೈದಾನ ಖಾಲಿ, ಕತ್ತಲಾಗೋದರೊಳಗೆ ಎಲ್ಲರೂ ಮನೆ. ದಿನಕ್ಕೆ ಆರು ಪಂದ್ಯದಂತೆ ಕಪ್ ಮಾತ್ರ ಆಡಿಸಿದರೆ ಮೂರು ದಿನ. ಪ್ಲೇಟ್ ಸೇರಿಸಿದರೆ ನಾಲ್ಕು ದಿನ. ಬರೀ ಒಂದು ದಿನ ಹೆಚ್ಚು. ಎರಡು ಶನಿವಾರ, ಎರಡು ಭಾನುವಾರ. ಅಕ್ಟೋಬರ್‌ನಲ್ಲಿ ಮಾಡಿ, ಮಳೆ ಹಿಂದಾಗಿರುತ್ತೆ, ಕಾಫಿ ಇನ್ನೂ ಹಣ್ಣಾಗಿರಲ್ಲ.

ಗುಡ್ಡದಲ್ಲಿ ಇದೆಲ್ಲ ಆಗುತ್ತಾ ಅಂತ ಕೇಳೋರಿಗೆ ಪಕ್ಕದ ಕೊಡಗು ತೋರಿಸ್ತೀನಿ. ಅಲ್ಲೂ ಕಾಫಿ, ಅಲ್ಲೂ ಆನೆ, ಅಲ್ಲೂ ಮಳೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ ಬಂದಿದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಹಬ್ಬಕ್ಕೆ ಬಂದಿದ್ದು 360 ಕುಟುಂಬ. ಬೇಸಿಗೆ ರಜೆಯ ಕಿಂಡಿಯಲ್ಲೇ ಅವರು ಆಡಿಸ್ತಾರೆ. ಮನೆ ಹೆಣ್ಣುಮಕ್ಕಳು ಅದೇ ತಂಡದಲ್ಲಿ ಗಂಡಸರ ಜೊತೆ ಸ್ಟಿಕ್ ಹಿಡಿದು ಇಳಿದಿದ್ದಾರೆ. ಅಲ್ಲೂ ನಾಕೌಟ್ ಇದೆ, ಅಲ್ಲೂ ಸೋಲು ಇದೆ. ಆದರೆ ಅಲ್ಲಿನ ಮಕ್ಕಳು ವರ್ಷವಿಡೀ ಹಾಕಿ ಆಡ್ತಾರೆ. ಒಂದು ಊರು ಮನಸ್ಸು ಮಾಡಿದರೆ ಆಟ ಹೇಗೆ ಬೇರು ಬಿಡುತ್ತೆ ಅನ್ನೋದಕ್ಕೆ ದೂರದ ಇಂಗ್ಲೆಂಡ್ ಬೇಡ, ಹೇಮಾವತಿ ದಾಟಿ ಸೋಮವಾರಪೇಟೆ ಕಡೆ ತಿರುಗಿದರೆ ಸಾಕು.

ಪ್ಲೇಟ್ ಕೂಡ ಕೊನೆಯ ಉತ್ತರ ಅಲ್ಲ, ನನಗೆ ಗೊತ್ತು. ಕೊನೆಯ ಉತ್ತರ ಅಂದರೆ ದಿನದ ಊಟ. ಬಾಳ್ಳುಪೇಟೆ, ಮಗ್ಗೆ, ಪಾಳ್ಯ, ಹಾನುಬಾಳು, ಹೆತ್ತೂರು, ಹೀಗೆ ನಾಲ್ಕಾರು ಊರಿನ ಶಾಲೆಗಳು ತಿಂಗಳಿಗೆ ಒಂದು ಶನಿವಾರ ಪರಸ್ಪರ ಆಡಿದರೂ ಅದು ಲೀಗ್. ಅದಕ್ಕೆ ದೊಡ್ಡ ಸ್ಟೇಡಿಯಂ ಬೇಡ, ಮಂತ್ರಿ ಬೇಡ, ಉದ್ಘಾಟನೆ ಬೇಡ. ಮೈದಾನದ ಬೋರ್ಡಿನ ಮೇಲೆ ವಾರಕ್ಕೆ ಎರಡು ದಿನ 'ಹುಡುಗಿಯರ ದಿನ' ಅಂತ ಬರೆದರೆ ಸಾಕು. ಬರೆದ ಮೇಲೆ ಆ ದಿನ ಹುಡುಗರನ್ನು ಗೋಲಿನ ಹಿಂದೆ ನಿಲ್ಲಿಸಿ. ಚೆಂಡು ತರಲಿ.

ಮತ್ತೆ ನನ್ನ ಪಾಲಿನ ಕೆಲಸವೂ ಒಂದಿದೆ. ಇನ್ನು ಮುಂದೆ ನಮ್ಮ ಜಿಲ್ಲಾ ವರದಿಗಾರ ಹುಡುಗಿಯರ ಕಪ್ ಸುದ್ದಿ ಕಳಿಸಿದರೆ ನಾನು ಕೇಳೋ ಮೊದಲ ಪ್ರಶ್ನೆ "ಯಾರು ಗೆದ್ದರು" ಅಂತ ಅಲ್ಲ. "ಸೋತವರಿಗೆ ಎಷ್ಟು ಪಂದ್ಯ ಸಿಕ್ತು?" ಅಂತ. ನೀವೂ ನಿಮ್ಮೂರ ಸಂಘಟಕರನ್ನು ಅದನ್ನೇ ಕೇಳಿ. ಕಪ್ ಕೊಡೋ ದಾನಿಗಳನ್ನು ಕೇಳಿ. ದೊಡ್ಡ ಟ್ರೋಫಿಯ ದುಡ್ಡಲ್ಲಿ ಅರ್ಧ ಉಳಿಸಿ ಆ ಏಳು ಪಂದ್ಯ ಆಡಿಸೋಕೆ ಹೇಳಿ.

ಆ ಹತ್ತನೇ ಕ್ಲಾಸಿನ ಹುಡುಗಿ ಈಗ ಏನು ಮಾಡ್ತಿದ್ದಾಳೆ ಅಂತ ಶಿಕ್ಷಕಿಯನ್ನು ಕೇಳಿದೆ. ಪಿಯುಸಿ ಸೇರಿದ್ದಾಳಂತೆ. ಅಲ್ಲಿ ಹುಡುಗಿಯರ ಫುಟ್‌ಬಾಲ್ ತಂಡ ಇಲ್ಲ. ಆದರೆ ಭಾನುವಾರ ಹಳೇ ಶಾಲೆಗೆ ಬರ್ತಾಳಂತೆ, ಚಿಕ್ಕ ಹುಡುಗಿಯರಿಗೆ ಪೆನಾಲ್ಟಿ ಹೊಡೆಯೋದು ಹೇಳಿಕೊಡೋಕೆ. ಅವಳ ಪ್ರಶ್ನೆ ಮಾತ್ರ ಇನ್ನೂ ಹಾಗೇ ಇದೆ. ಇನ್ನೊಂದು ಮ್ಯಾಚ್ ಯಾವಾಗ?

ಉತ್ತರ ಕೊಡಬೇಕಾದವರು ನಾವು.